‘ಒಪ್ಕೋತೀನಿ’ ಅನ್ನುವ ಮುನ್ನ: ಕೋರ್ಟಿನಲ್ಲಿ ತಪ್ಪೊಪ್ಪಿಗೆ ಹೇಗೆ ನಡೆಯುತ್ತದೆ, ಶಿಕ್ಷೆ ಎಷ್ಟು ಇಳಿಯುತ್ತದೆ?

ಕೋರ್ಟಿನ ವರಾಂಡದಲ್ಲಿ ಒಂದು ಸಲಹೆ ಸುಲಭವಾಗಿ ಸಿಗುತ್ತದೆ: ‘ಸುಮ್ನೆ ಒಪ್ಕೊಂಡುಬಿಡಿ, ದಂಡ ಕಟ್ಟಿ ಮನೆಗೆ ಹೋಗಿ.’ ಹೆಲ್ಮೆಟ್ ಕೇಸಿಗೆ ಇದು ಸರಿ ಇರಬಹುದು. ಹೊಡೆದಾಟ, ಕಳವು, ಅಪಘಾತದಲ್ಲಿ ಸಾವು ಇಂಥ ಕೇಸುಗಳಲ್ಲಿ ಇದೇ ಸಲಹೆ ಬದುಕನ್ನೇ ತಿರುಗಿಸಿಬಿಡಬಹುದು. ಯಾಕೆಂದರೆ ತಪ್ಪೊಪ್ಪಿಗೆಯ ಹಿಂದೆ ಬರುವುದು ಬರೀ ದಂಡವಲ್ಲ, ‘ಅಪರಾಧಿ’ ಎಂಬ ತೀರ್ಪು. ಒಪ್ಪಿಕೊಳ್ಳಲೇಬಾರದು ಎಂದು ಹೇಳುತ್ತಿಲ್ಲ. ತಿಳಿದು ಒಪ್ಪಿಕೊಳ್ಳಿ, ಅಷ್ಟೇ.

ಮೊದಲು, ಎರಡು ‘ಒಪ್ಪಿಗೆ’ಗಳನ್ನು ಬೇರೆ ಮಾಡಿ

ಠಾಣೆಯಲ್ಲಿ ಪೊಲೀಸರ ಮುಂದೆ ‘ನಾನೇ ಮಾಡಿದ್ದು’ ಎಂದರೆ ಅದನ್ನು ಆರೋಪಿಯ ವಿರುದ್ಧ ತಪ್ಪೊಪ್ಪಿಗೆಯಾಗಿ ಸಾಬೀತು ಮಾಡಲು ಕಾನೂನು ಬಿಡುವುದಿಲ್ಲ. ಕೋರ್ಟಿನಲ್ಲಿ ನ್ಯಾಯಾಧೀಶರು ಆರೋಪ ಓದಿ ಹೇಳಿ, ‘ಒಪ್ಪುತ್ತೀರಾ?’ ಎಂದು ಕೇಳಿದಾಗ ಕೊಡುವ ಉತ್ತರವೇ ಬೇರೆ. ಆ ಒಂದೇ ಉತ್ತರದ ಮೇಲೆ ಕೇಸು ಮುಗಿಯಬಹುದು. ಠಾಣೆಯಲ್ಲಿ ಹೇಗೂ ಹೇಳಿಯಾಗಿದೆ, ಇಲ್ಲಿಯೂ ಹೇಳಲೇಬೇಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಬಲವಂತ ಮಾಡುವಂತಿಲ್ಲ. ಸಂವಿಧಾನದ 20(3)ನೇ ವಿಧಿ ಕೊಟ್ಟ ಹಕ್ಕು ಅದು.

ಆಮೇಲೆ, ಚಾರ್ಜ್‌ಶೀಟ್ ಓದಿ

ಪೊಲೀಸ್ ಕೇಸಾಗಿದ್ದರೆ ಚಾರ್ಜ್‌ಶೀಟ್ ಮತ್ತು ಅದರ ಜೊತೆಗಿನ ಹೇಳಿಕೆಗಳ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಲೇಬೇಕು. ಅದನ್ನು ವಕೀಲರ ಜೊತೆ ಕೂತು ಓದಿ. ಯಾವ ಸೆಕ್ಷನ್, ಗರಿಷ್ಠ ಶಿಕ್ಷೆ ಎಷ್ಟು, ಕನಿಷ್ಠ ಶಿಕ್ಷೆ ಅಂತ ಏನಾದರೂ ಇದೆಯಾ, ರಾಜಿ ಆಗಬಹುದಾದ ಅಪರಾಧವಾ? ಈ ನಾಲ್ಕಕ್ಕೂ ಉತ್ತರ ಸಿಗುವ ತನಕ ಬಾಯಿ ಬಿಡಬೇಡಿ.

ಕೊನೆಯ ಪ್ರಶ್ನೆಯನ್ನು ಮರೆಯುವವರು ಜಾಸ್ತಿ. ಸಣ್ಣಪುಟ್ಟ ಗಾಯದ ಹೊಡೆದಾಟದಂಥ ಕೇಸಿನಲ್ಲಿ ಪೆಟ್ಟು ತಿಂದವರು ಒಪ್ಪಿದರೆ ಕಾನೂನುಬದ್ಧವಾಗಿ ರಾಜಿ ಮಾಡಿಕೊಳ್ಳಬಹುದು. ರಾಜಿಯಾದರೆ ಆರೋಪಿ ಖುಲಾಸೆಯಾದ ಹಾಗೆಯೇ. ತಪ್ಪೊಪ್ಪಿಕೊಂಡರೆ ಅವನು ಅಪರಾಧಿ. ಅದೇ ಜಗಳ, ಅದೇ ಇಬ್ಬರು, ಆದರೆ ದಾಖಲೆಯಲ್ಲಿ ಉಳಿಯುವುದು ಪೂರ್ತಿ ಬೇರೆ.

ಕೇಳಿದಾಗ ಏನು ಹೇಳಬೇಕು?

ಸೆಷನ್ಸ್ ಕೋರ್ಟಿನಲ್ಲಿ ನಡೆಯುವ ಗಂಭೀರ ಕೇಸುಗಳಲ್ಲಿ ಮತ್ತು ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ವಾರಂಟ್ ಕೇಸುಗಳಲ್ಲಿ ಕೋರ್ಟು ದೋಷಾರೋಪ ರೂಪಿಸಿ ಓದಿ ಹೇಳುತ್ತದೆ. ಅದಕ್ಕಿಂತ ಸಣ್ಣ ಸಮನ್ಸ್ ಕೇಸುಗಳಲ್ಲಿ ಆರೋಪದ ಸಾರ ಮಾತ್ರ ಹೇಳುತ್ತಾರೆ. ಎರಡರಲ್ಲೂ ನಿಮಗೆ ಅರ್ಥವಾಗುವಂತೆ ವಿವರಿಸಬೇಕು. ಅರ್ಥ ಆಗದಿದ್ದರೆ ‘ಸ್ವಾಮಿ, ಇನ್ನೊಮ್ಮೆ ಹೇಳಿ’ ಎಂದು ಕೇಳಲು ಹಿಂಜರಿಯಬೇಡಿ. ಒಪ್ಪುವುದಿಲ್ಲ ಎಂದಾದರೆ ‘ಒಪ್ಪಲ್ಲ, ವಿಚಾರಣೆ ನಡೆಯಲಿ’ ಎಂದರೆ ಸಾಕು. ಕಾರಣ ಹೇಳಬೇಕಿಲ್ಲ.

ಸಮನ್ಸ್ ಕೇಸಿನಲ್ಲಿ ಒಪ್ಪಿಗೆಯನ್ನು ಆದಷ್ಟು ಆರೋಪಿಯ ಸ್ವಂತ ಮಾತಿನಲ್ಲೇ ಬರೆದುಕೊಳ್ಳಬೇಕು ಎನ್ನುತ್ತದೆ ಕಾನೂನು. ಇದಕ್ಕೆ ಬಲವಾದ ಕಾರಣವಿದೆ. ‘ಹೊಡೆದಿದ್ದು ನಿಜ, ಆದರೆ ಅವನೇ ಮೊದಲು ಮಚ್ಚು ಎತ್ತಿದ’ ಎಂದು ಒಬ್ಬ ಹೇಳಿದ ಅಂತಿಟ್ಟುಕೊಳ್ಳಿ. ಇದು ತಪ್ಪೊಪ್ಪಿಗೆ ಅಲ್ಲವೇ ಅಲ್ಲ, ಆತ್ಮರಕ್ಷಣೆಯ ವಾದ. ‘ಒಪ್ಪಿದ್ದಾನೆ’ ಎಂದು ಒಂದೇ ಪದ ಬರೆದರೆ ಆ ವಾದ ಅಲ್ಲೇ ಸತ್ತುಹೋಗುತ್ತದೆ. ಹಾಗೆಯೇ, ಹಲವು ಆರೋಪಗಳಿದ್ದರೆ ಒಂದನ್ನು ಒಪ್ಪಿ ಇನ್ನೊಂದನ್ನು ಅಲ್ಲಗಳೆಯಬಹುದು. ಅಣ್ಣ ಒಪ್ಪಿಕೊಂಡ ಅಂತ ತಮ್ಮನೂ ಒಪ್ಪಬೇಕಿಲ್ಲ.

ಒಪ್ಪಿದ ಕೂಡಲೇ ಕೇಸು ಮುಗಿಯುತ್ತಾ?

ಮುಗಿಯಲೇಬೇಕೆಂದಿಲ್ಲ. ಒಪ್ಪಿಗೆಯನ್ನು ದಾಖಲಿಸುವುದು ಕಡ್ಡಾಯ. ಅದರ ಆಧಾರದಲ್ಲೇ ಅಪರಾಧಿ ಎನ್ನುವುದು ನ್ಯಾಯಾಧೀಶರ ವಿವೇಚನೆ. ಕೊಲೆಯಂಥ ಗಂಭೀರ ಕೇಸುಗಳಲ್ಲಿ ಬರೀ ಒಪ್ಪಿಗೆಯ ಮೇಲೆ ತೀರ್ಪು ಕೊಡದೆ ಸಾಕ್ಷ್ಯ ಕೇಳುವುದೇ ನಮ್ಮ ಕೋರ್ಟುಗಳ ರೂಢಿ. ಮುಂಬೈ ದಾಳಿಯ ಅಜ್ಮಲ್ ಕಸಬ್ 2009ರ ಜುಲೈ 20ರಂದು ವಿಚಾರಣೆಯ ಮಧ್ಯದಲ್ಲೇ ತಪ್ಪೊಪ್ಪಿಕೊಂಡ. ಇಡೀ ದೇಶವೇ ಅವನಿಗೆ ಶಿಕ್ಷೆಯಾಗಲಿ ಎಂದು ಕಾಯುತ್ತಿದ್ದ ಹೊತ್ತು ಅದು. ಆದರೂ ನ್ಯಾಯಾಧೀಶ ಎಂ.ಎಲ್. ತಹಲಿಯಾನಿ ಅಷ್ಟಕ್ಕೇ ಕೇಸು ಮುಗಿಸಲಿಲ್ಲ. ಒಪ್ಪಿಗೆಯನ್ನು ದಾಖಲೆಗೆ ತೆಗೆದುಕೊಂಡು ವಿಚಾರಣೆ ಮುಂದುವರಿಸಿದರು. ಮುಂದೆ ಅವನು ಆ ಮಾತನ್ನು ಹಿಂತೆಗೆದುಕೊಂಡ. 2010ರ ಮೇನಲ್ಲಿ ಸಾಕ್ಷ್ಯಗಳನ್ನು ತೂಗಿಯೇ ತೀರ್ಪು ಬಂತು. ಅಂಥ ಆರೋಪಿಗೇ ಇಷ್ಟು ಎಚ್ಚರ ವಹಿಸಿದ್ದಾರೆ ಎಂದರೆ, ಕೋಳಿ ಕದ್ದ ಹುಡುಗನಿಗೂ ಅದೇ ಎಚ್ಚರ ಸಿಗಬೇಕು ಅಲ್ವಾ?

ಶಿಕ್ಷೆ ಎಷ್ಟು ಕಡಿಮೆಯಾಗುತ್ತದೆ?

ಇಂಗ್ಲೆಂಡ್‌ನಲ್ಲಿ ಮೊದಲ ಹಂತದಲ್ಲೇ ಒಪ್ಪಿಕೊಂಡವರಿಗೆ ಮೂರನೇ ಒಂದು ಭಾಗದವರೆಗೆ ಶಿಕ್ಷೆ ಇಳಿಸುವ ಮಾರ್ಗಸೂಚಿ ಇದೆ. ನಮ್ಮಲ್ಲಿ ಸಾಮಾನ್ಯ ತಪ್ಪೊಪ್ಪಿಗೆಗೆ ಇಂಥ ಯಾವ ಲೆಕ್ಕವೂ ಇಲ್ಲ. ಪಶ್ಚಾತ್ತಾಪ, ವಯಸ್ಸು, ಮೊದಲ ತಪ್ಪು, ಮನೆಯ ಪರಿಸ್ಥಿತಿ ಇವನ್ನೆಲ್ಲ ನ್ಯಾಯಾಧೀಶರು ನೋಡಬಹುದು, ಆದರೆ ಇಷ್ಟೇ ಇಳಿಸಬೇಕು ಎಂದಿಲ್ಲ. ಆದ್ದರಿಂದ ‘ಒಪ್ಪಿದರೆ ಬರೀ ದಂಡ’ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ. ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 1980ರ ದಶಕದ ಆರಂಭದಲ್ಲೇ ಸ್ಪಷ್ಟವಾಗಿ ಹೇಳಿದೆ: ಕಡಿಮೆ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ವಿರುದ್ಧ.

ಮೊದಲ ಸಲ ತಪ್ಪು ಮಾಡಿದವರಿಗೆ ಕೇಳಲೇಬೇಕಾದ ಒಂದು ಅವಕಾಶವಿದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಬಾಂಡ್ ಮೇಲೆ ಬಿಡಬಹುದು. ಹಾಗೆ ಬಿಟ್ಟವರಿಗೆ ಅಪರಾಧಿ ಎಂಬ ತೀರ್ಪಿನಿಂದ ಬರುವ ಕಾನೂನಿನ ಅನರ್ಹತೆ ಅಂಟುವುದಿಲ್ಲ. ಐಪಿಸಿ ಬದಲಿಗೆ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಶಿಕ್ಷೆಯಾಗಿ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ತಪ್ಪು, ಮಾಲನ್ನೂ ಹಿಂದಿರುಗಿಸಿದ್ದರೆ ಅದೇ ಶಿಕ್ಷೆ.

ಪ್ಲೀ ಬಾರ್ಗೇನಿಂಗ್: ಲೆಕ್ಕ ಇರುವ ದಾರಿ

ತಪ್ಪೊಪ್ಪಿಕೊಂಡು, ಅದಕ್ಕೆ ಬದಲಾಗಿ ಕಡಿಮೆ ಶಿಕ್ಷೆಗೆ ಕೋರ್ಟಿನ ಮೂಲಕ ಒಪ್ಪಂದ ಮಾಡಿಕೊಳ್ಳುವುದೇ ಪ್ಲೀ ಬಾರ್ಗೇನಿಂಗ್. ಮೊದಲು ನಮ್ಮ ಕೋರ್ಟುಗಳು ಇಂಥ ಚೌಕಾಸಿಯನ್ನು ಖಂಡಿಸುತ್ತಿದ್ದವು. ಕಾನೂನು ಆಯೋಗ ಇದರ ಪರ ವರದಿ ಕೊಟ್ಟಿತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರಲ್ಲಿ ಬೆಂಬಲಿಸಿತು. 2006ರ ಜುಲೈಯಿಂದ ಇದು ಕಾನೂನಾಯಿತು. ಈಗ ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಸೆಕ್ಷನ್‌ಗಳಲ್ಲಿದೆ.

ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ, ಹೆಂಗಸರು ಮಕ್ಕಳ ಮೇಲಿನ ಅಪರಾಧ, ದೇಶದ ಸಾಮಾಜಿಕ-ಆರ್ಥಿಕ ಸ್ಥಿತಿಗೆ ಧಕ್ಕೆ ತರುವ ಅಪರಾಧ ಇವಕ್ಕೆ ಇದು ಅನ್ವಯಿಸದು. ಅದೇ ಅಪರಾಧಕ್ಕೆ ಹಿಂದೆ ಶಿಕ್ಷೆಯಾಗಿದ್ದವರಿಗೂ ಇಲ್ಲ. ದೋಷಾರೋಪ ರೂಪಿಸಿದ 30 ದಿನದೊಳಗೆ ಅಫಿಡವಿಟ್ ಸಮೇತ ಅರ್ಜಿ ಹಾಕಬೇಕು. ನ್ಯಾಯಾಧೀಶರು ಆರೋಪಿಯನ್ನು ಮುಚ್ಚಿದ ಕೋಣೆಯಲ್ಲಿ, ಎದುರು ಪಕ್ಷ ಇಲ್ಲದೆ ಮಾತಾಡಿಸಿ, ಯಾರ ಒತ್ತಡವೂ ಇಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ನನಗೆ ಇಡೀ ವ್ಯವಸ್ಥೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಹಂತ. ಹೆದರಿಕೆ ಇದ್ದರೆ ಅಲ್ಲೇ ಹೇಳಿಬಿಡಿ. ಆಮೇಲೆ ಅಭಿಯೋಜಕರು (ಸರ್ಕಾರದ ಪರ ವಕೀಲರು), ತನಿಖಾಧಿಕಾರಿ, ಆರೋಪಿ, ತೊಂದರೆಗೊಳಗಾದವರು ಕೂತು ಪರಿಹಾರ ಮಾತಾಡಲು 60 ದಿನದವರೆಗೆ ಸಮಯ ಕೊಡುತ್ತಾರೆ.

ಲೆಕ್ಕ ನೋಡಿ. ಕಳವಿಗೆ ಗರಿಷ್ಠ ಮೂರು ವರ್ಷ. ಒಪ್ಪಂದವಾದರೆ ಅದರ ನಾಲ್ಕನೇ ಒಂದು, ಅಂದರೆ 9 ತಿಂಗಳು. ಹಿಂದೆ ಯಾವ ಶಿಕ್ಷೆಯೂ ಆಗಿರದವರಿಗೆ ಆರನೇ ಒಂದು, 6 ತಿಂಗಳು. ಕನಿಷ್ಠ ಶಿಕ್ಷೆ ಇರುವ ಅಪರಾಧವಾದರೆ ಆ ಕನಿಷ್ಠದ ಅರ್ಧ, ಮೊದಲ ಸಲದವರಿಗೆ ಕಾಲು ಭಾಗ. ಜೈಲಿನಲ್ಲಿ ಕಳೆದ ದಿನಗಳೂ ಇದರಲ್ಲಿ ಕಳೆಯುತ್ತವೆ. ಮಾತುಕತೆ ಮುರಿದುಬಿದ್ದರೆ ಕೇಸು ಮುಂದುವರಿಯುತ್ತದೆ. ಅರ್ಜಿಯಲ್ಲಿ ಹೇಳಿದ ಸಂಗತಿಗಳನ್ನು ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

ಕಳೆದುಕೊಳ್ಳುವುದೇನು?

ಮುಖ್ಯವಾಗಿ ಮೇಲ್ಮನವಿ. ತಪ್ಪೊಪ್ಪಿಕೊಂಡು ಶಿಕ್ಷೆಯಾದರೆ, ಶಿಕ್ಷೆ ಜಾಸ್ತಿಯಾಯಿತು ಅಥವಾ ಕಾನೂನಿಗೆ ವಿರುದ್ಧವಾಯಿತು ಎಂದಷ್ಟೇ ಮೇಲ್ಮನವಿ ಹಾಕಬಹುದು. ‘ನಾನು ಮಾಡಿಯೇ ಇಲ್ಲ’ ಎನ್ನಲು ಸಾಮಾನ್ಯವಾಗಿ ಅವಕಾಶವಿಲ್ಲ. ಪ್ಲೀ ಬಾರ್ಗೇನಿಂಗ್ ಆದರೆ ಆ ಮೇಲ್ಮನವಿಯೂ ಇಲ್ಲ, ಹೈಕೋರ್ಟಿಗೆ ರಿಟ್ ಅರ್ಜಿ ಅಥವಾ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಮಾತ್ರ. ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ ಶಿಕ್ಷೆಯ ವಿಷಯ ಬರುತ್ತದೆ. ಅಪಘಾತದ ಕೇಸಿನಲ್ಲಿ ಚಾಲಕ ಒಪ್ಪಿಕೊಂಡರೆ, ಪರಿಹಾರದ ಕೇಸಿನಲ್ಲಿ ಅದನ್ನೇ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಾಗಿ ತೋರಿಸಬಹುದು.

ಜೈಲಿನಲ್ಲಿ ಇರುವವರಿಗೆ

ಜಾಮೀನಿಗೆ ಭದ್ರತೆ ಕೊಡುವವರಿಲ್ಲದೆ, ಮಾಡದ ತಪ್ಪನ್ನೂ ಒಪ್ಪಿಕೊಂಡು ಹೊರಬರುವ ಯೋಚನೆ ಬಡವರಿಗೆ ಬರುತ್ತದೆ. ಬಹಳ ನೋವಿನ ಸಂಗತಿ ಇದು. ಅದಕ್ಕೂ ಮುನ್ನ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಬಗ್ಗೆ ಕೇಳಿ. ಮರಣದಂಡನೆ, ಜೀವಾವಧಿ ಇಲ್ಲದ ಅಪರಾಧದಲ್ಲಿ, ಹಿಂದೆ ಶಿಕ್ಷೆಯಾಗಿರದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಜೈಲಿನ ಸೂಪರಿಂಟೆಂಡೆಂಟ್. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಮಾತ್ರ ಇದು ಸಿಗದು.

ಕಸ್ಟಡಿಯಲ್ಲಿ ಇರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ವಾಯಿದೆ ನಾಳೆಯೇ ಇದ್ದರೂ ಪರವಾಗಿಲ್ಲ. ‘ವಕೀಲರ ಜೊತೆ ಮಾತಾಡಲು ಸಮಯ ಬೇಕು’ ಎಂದು ನ್ಯಾಯಾಧೀಶರನ್ನೇ ನೇರವಾಗಿ ಕೇಳಿ.