ನೆಟ್‌ವರ್ಕ್ ಮೋಡ್‌ನಲ್ಲಿ ನನ್ನ ಕಾರಿನ ಸ್ಟೀರಿಯೋ: ಯಾವ ಸ್ಪೀಕರ್‌ಗೆ ಯಾವ ಕೆಲಸ

ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಹೆಚ್ಚಿನವರು ಮೆನುವಿನಲ್ಲಿ ಬಾಸ್, ಟ್ರೆಬಲ್ ದಾಟಿ ಮುಂದೆ ಹೋಗುವುದಿಲ್ಲ. ಅಸಲಿ ವಿಷಯ ಇರುವುದು ಅದರಾಚೆ. ಸ್ಪೀಕರ್ ಮೋಡ್, ಎಚ್‌ಪಿಎಫ್, ಎಲ್‌ಪಿಎಫ್, ಸ್ಲೋಪ್ ಎಂದು ಬರೆದಿರುವ ಪುಟಗಳಲ್ಲಿ. ಎಚ್‌ಪಿಎಫ್ ಒಂದು ಗೆರೆಗಿಂತ ಕೆಳಗಿನ ಸ್ವರವನ್ನು ತಡೆಯುತ್ತದೆ, ಎಲ್‌ಪಿಎಫ್ ಮೇಲಿನದನ್ನು. ಎಷ್ಟು ಕಡಿದಾಗಿ ತಡೆಯಬೇಕು ಎಂಬುದು ಸ್ಲೋಪ್. ನನ್ನ ಸ್ವಿಫ್ಟ್‌ನಲ್ಲಿ ಇವನ್ನು ನಾನೇ ಕೂತು ಹೊಂದಿಸಿದೆ. ಸ್ಪೀಕರ್‌ಗಳು ಅವೇ. ಆದರೆ ಬಾಗಿಲು ಗಡಗಡ ಎನ್ನುವುದು ನಿಂತಿತು, ಹಾಡುವವರ ದನಿ ಬಿಡಿಬಿಡಿಯಾಗಿ ಕೇಳತೊಡಗಿತು.

ನನ್ನ ಹತ್ತಿರ ಇದ್ದದ್ದು ಇಷ್ಟು. ಪಯೋನಿಯರ್‌ನ ಟಚ್‌ಸ್ಕ್ರೀನ್ ಸ್ಟೀರಿಯೋ. ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಊಫರ್, ಅಂದರೆ ದೊಡ್ಡ ಸ್ಪೀಕರ್. ಕನ್ನಡಿಯ ಒಳಬದಿಯ ತ್ರಿಕೋನದ ಪ್ಲಾಸ್ಟಿಕ್‌ನಲ್ಲಿ ಚೂಪು ಸ್ವರಕ್ಕೆಂದೇ ಇರುವ ಒಂದಿಂಚಿನ ಟ್ವೀಟರ್. ಎಡಗಡೆ ಸೀಟಿನ ಕೆಳಗೆ, ಆಂಪ್ (ಸದ್ದಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಒಳಗೇ ಇರುವ, ಬರೀ ಬಾಸ್‌ಗೆಂದೇ ಮಾಡಿದ ಎಂಟಿಂಚಿನ ಸಬ್‌ವೂಫರ್. ಹಿಂದಿನ ಬಾಗಿಲುಗಳಲ್ಲಿ ಕಂಪನಿ ಕೊಟ್ಟ ಸ್ಪೀಕರ್.

ಮೊದಲು ಮೋಡ್. ಈ ಸ್ಟೀರಿಯೋದಲ್ಲಿ ಎರಡಿವೆ. ಸ್ಟ್ಯಾಂಡರ್ಡ್ ಮೋಡ್ ಅಂದರೆ ನಾವೆಲ್ಲ ಬಳಸುವುದು: ಮುಂದೆ ಎರಡು, ಹಿಂದೆ ಎರಡು, ಬೇಕಿದ್ದರೆ ಸಬ್. ನೆಟ್‌ವರ್ಕ್ ಮೋಡ್‌ನಲ್ಲಿ ಮುಂದೆ, ಹಿಂದೆ ಎಂಬ ಲೆಕ್ಕವೇ ಇಲ್ಲ. ಮುಂದಿನ ಸ್ಪೀಕರ್‌ನ ವೈರುಗಳಲ್ಲಿ ಬರೀ ಚೂಪು ಸ್ವರ ಬರುತ್ತದೆ, ಅದು ಟ್ವೀಟರ್‌ಗೆ. ಹಿಂದಿನ ಸ್ಪೀಕರ್‌ನ ವೈರುಗಳಲ್ಲಿ ಮಧ್ಯದ ಸ್ವರ, ಅದು ಬಾಗಿಲಿನ ಊಫರ್‌ಗೆ. ಸಬ್ ಔಟ್‌ಪುಟ್‌ನಲ್ಲಿ ಕೆಳಗಿನ ಸ್ವರ. ಹೀಗೆ ಸ್ವರಗಳನ್ನು ಸ್ಪೀಕರ್‌ಗಳಿಗೆ ಹಂಚುವ ಏರ್ಪಾಡೇ ಕ್ರಾಸ್‌ಓವರ್. ಕೆನ್‌ವುಡ್‌ನವರು ಸ್ಟ್ಯಾಂಡರ್ಡ್ ಥರದ್ದನ್ನು 2-ವೇ, ನೆಟ್‌ವರ್ಕ್ ಥರದ್ದನ್ನು 3-ವೇ ಕ್ರಾಸ್‌ಓವರ್ ಎಂದು ಕರೆಯುತ್ತಾರೆ.

ಲಾಭ ಏನು ಅಂದರೆ, ಟ್ವೀಟರ್‌ಗೆ ಒಂದು ಆಂಪ್ ಚಾನೆಲ್, ಊಫರ್‌ಗೆ ಇನ್ನೊಂದು. ಒಂದೊಂದರ ಮಟ್ಟ, ಕತ್ತರಿಸುವ ಜಾಗ, ದೂರ ಎಲ್ಲವೂ ಬೇರೆ ಬೇರೆಯಾಗಿ ನಮ್ಮ ಕೈಯಲ್ಲಿ. ಊಫರ್, ಟ್ವೀಟರ್ ಬೇರೆ ಬೇರೆಯಾಗಿರುವ ಕಾಂಪೊನೆಂಟ್ ಸೆಟ್ ಜೊತೆ ಬರುವ ಪ್ಯಾಸಿವ್ ಕ್ರಾಸ್‌ಓವರ್ ಡಬ್ಬಿ ಬೇಕಾಗುವುದಿಲ್ಲ. ನಷ್ಟ ಏನು ಅಂದರೆ, ಹಿಂದಿನ ಸ್ಪೀಕರ್‌ಗಳನ್ನು ಬಿಟ್ಟುಬಿಡಬೇಕು. ಹಿಂದೆ ಮಕ್ಕಳೋ ಹಿರಿಯರೋ ದಿನಾ ಕೂರುವ ಕಾರಾದರೆ ಸ್ಟ್ಯಾಂಡರ್ಡ್ ಮೋಡೇ ಒಳ್ಳೆಯದು. ಅದರಲ್ಲೂ ಎಚ್‌ಪಿಎಫ್, ಎಲ್‌ಪಿಎಫ್ ಸಿಗುತ್ತದೆ, ಮುಕ್ಕಾಲು ಪಾಲು ಲಾಭ ಅಲ್ಲೇ ಬಂದುಬಿಡುತ್ತದೆ. ನಾನು ಹೆಚ್ಚಾಗಿ ಒಬ್ಬನೇ ಓಡಿಸುವವನು. ಹಾಗಾಗಿ ನೆಟ್‌ವರ್ಕ್ ಆರಿಸಿಕೊಂಡೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸ್ಪೀಕರ್ ವೈರ್ ಕೊಳ್ಳುವಾಗ ಅಂಗಡಿಯವರು, “ಸ್ಟ್ಯಾಂಡರ್ಡ್‌ನಲ್ಲೇ ಬಿಡಿ ಸಾರ್, ಸುಮ್ನೆ ಟ್ವೀಟರ್ ಸುಟ್ಟುಕೊಳ್ತೀರಿ” ಎಂದರು. ಅವರ ಮಾತಿನಲ್ಲಿ ಸತ್ಯ ಇದೆ. ಮೋಡ್ ಒಂದು, ವೈರಿಂಗ್ ಇನ್ನೊಂದು ಆದರೆ ಟ್ವೀಟರ್‌ಗೆ ಪೂರ್ತಿ ಬಾಸ್ ನುಗ್ಗುತ್ತದೆ. ಅದರ ಕೂದಲೆಳೆಯಂಥ ಕಾಯಿಲ್ ಅದನ್ನು ತಡೆಯುವುದಿಲ್ಲ. ಆದ್ದರಿಂದ ಮೊದಲು ವೈರ್, ಆಮೇಲೆ ಮೋಡ್, ಕೊನೆಗೆ ವಾಲ್ಯೂಮ್. ಈ ಕ್ರಮವನ್ನು ಯಾವ ಕಾರಣಕ್ಕೂ ತಿರುಗುಮುರುಗು ಮಾಡಬೇಡಿ.

ಬ್ಯಾಟರಿಯ ನೆಗೆಟಿವ್ ಕಳಚಿ ಸ್ಟೀರಿಯೋ ಹೊರಗೆಳೆದೆ. ಹೊರಗಿನಿಂದ ಕೊಂಡ ಸ್ಟೀರಿಯೋಗಳಲ್ಲಿ ವೈರಿನ ಬಣ್ಣ ಸಾಮಾನ್ಯವಾಗಿ ಒಂದೇ ಇರುತ್ತದೆ. ಬಿಳಿ ಎಡ ಮುಂದೆ, ಬೂದು ಬಲ ಮುಂದೆ, ಹಸಿರು ಎಡ ಹಿಂದೆ, ನೇರಳೆ ಬಲ ಹಿಂದೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ನೆಗೆಟಿವ್. ಕಾರಿನ ಮುಂದಿನ ಬಾಗಿಲಿಗೆ ಹೋಗುವ ವೈರು ಕಪ್ಲರ್‌ನಲ್ಲಿ (ವೈರುಗಳನ್ನು ಜೋಡಿಸುವ ಪ್ಲಗ್) ಬಿಳಿ, ಬೂದು ಜೊತೆ ಸೇರಿರುತ್ತದೆ. ಆದರೆ ನನಗೆ ಬಾಗಿಲಿನಲ್ಲಿ ಬೇಕಾದದ್ದು ಮಧ್ಯದ ಸ್ವರ, ಅದು ಬರುವುದು ಹಸಿರು, ನೇರಳೆಯಲ್ಲಿ. ಹಾಗಾಗಿ ಕಪ್ಲರ್ ಹತ್ತಿರ ಹಸಿರು, ನೇರಳೆ ವೈರುಗಳನ್ನು ಮುಂದಿನ ಬಾಗಿಲಿನ ವೈರಿಗೆ ಸೇರಿಸಿದೆ. ಬಿಳಿ, ಬೂದಿನಿಂದ ಹೊಸ ವೈರ್ ಎಳೆದು ಟ್ವೀಟರ್‌ಗೆ ಒಯ್ದೆ. ಹಿಂದಿನ ಬಾಗಿಲಿನ ವೈರುಗಳ ತುದಿಗೆ ಟೇಪ್ ಸುತ್ತಿ ಬಿಟ್ಟೆ. ಸಬ್ ಅನ್ನು ಆನ್ ಮಾಡುವ ನೀಲಿ-ಬಿಳಿ ರಿಮೋಟ್ ವೈರು ಸಬ್‌ಗೆ. ನಿಮ್ಮ ಸ್ಟೀರಿಯೋದ ಪುಸ್ತಕದಲ್ಲಿ ನೆಟ್‌ವರ್ಕ್ ಮೋಡ್‌ಗೆಂದೇ ಒಂದು ಚಿತ್ರ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿ.

ಎರಡೂ ಟ್ವೀಟರ್‌ಗಳ ಪಾಸಿಟಿವ್ ವೈರಿನಲ್ಲಿ ಒಂದೊಂದು 22 ಮೈಕ್ರೋಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಹಾಕಿದೆ. ಎಸ್.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ, ದೊಡ್ಡ ಖರ್ಚೇನಿಲ್ಲ. 4 ಓಮ್ ಟ್ವೀಟರ್ ಜೊತೆ ಇದು ಸುಮಾರು 1.8 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುತ್ತದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಸಂಖ್ಯೆ ಹೆಚ್ಚಿದಷ್ಟೂ ಸ್ವರ ಚೂಪು). ಇದು ಸ್ವರ ಹಂಚುವುದಕ್ಕಲ್ಲ, ಕಾವಲಿಗೆ. ನನ್ನ ಸ್ಟೀರಿಯೋ ಮೊದಲ ಸಲ ಆನ್ ಆದಾಗ ಯಾವ ಮೋಡ್ ಎಂದು ಕೇಳುತ್ತದೆ. ರಿಸೆಟ್ ಆದರೆ ಮತ್ತೆ ಅದೇ ಪ್ರಶ್ನೆ. ನಾಳೆ ಯಾವುದೋ ಗ್ಯಾರೇಜಿನಲ್ಲಿ ಬ್ಯಾಟರಿ ಬದಲಿಸಿ, ಅವಸರದಲ್ಲಿ ಯಾರೋ ಸ್ಟ್ಯಾಂಡರ್ಡ್ ಒತ್ತಿ ಹಾಡು ಹಾಕಿದರೂ ಟ್ವೀಟರ್ ಆ ಕ್ಷಣಕ್ಕೆ ಬದುಕಬೇಕು, ಅಲ್ವಾ?

ಊಫರ್‌ನ ಪ್ಲಸ್, ಮೈನಸ್ ಸರಿ ಇದೆಯೇ ಎಂದು ನೋಡಲು 1.5 ವೋಲ್ಟಿನ ಸೆಲ್ ಸಾಕು. ವೈರನ್ನು ಸ್ಟೀರಿಯೋದಿಂದ ಬಿಡಿಸಿ ಆ ತುದಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಆಗುವಂತೆ ಸೆಲ್ ಮುಟ್ಟಿಸಿದರೆ ಕೋನ್ (ಸ್ಪೀಕರ್‌ನ ಅಲುಗಾಡುವ ಮುಂಭಾಗ) ಹೊರಗೆ ಜಿಗಿಯಬೇಕು. ಒಳಗೆ ಹೋದರೆ ವೈರ್ ತಿರುಗಿದೆ ಎಂದರ್ಥ. ಎಡದ್ದು ಹೊರಗೆ, ಬಲದ್ದು ಒಳಗೆ ಹೋಗುತ್ತಿದ್ದರೆ ಒಂದರ ಬಾಸ್ ಇನ್ನೊಂದು ಕಳೆಯುತ್ತದೆ. ಆಮೇಲೆ ಎಷ್ಟು ಸೆಟ್ಟಿಂಗ್ ತಿರುವಿದರೂ ಅದು ಸರಿಯಾಗುವುದಿಲ್ಲ.

ಇನ್ನು ಕ್ರಾಸ್‌ಓವರ್. ಇದರ ಬಗ್ಗೆ ನನ್ನ ಅಭಿಪ್ರಾಯ ಒಂದೇ: ಕ್ರಾಸ್‌ಓವರ್ ಇರುವುದು ಬಾಸ್ ಸೇರಿಸುವುದಕ್ಕಲ್ಲ, ಒಂದೊಂದು ಸ್ಪೀಕರ್‌ನಿಂದ ಅದಕ್ಕೆ ಆಗದ ಕೆಲಸವನ್ನು ಕಿತ್ತುಕೊಳ್ಳುವುದಕ್ಕೆ. ಒಂದೇ ಜೋರಿನಲ್ಲಿ ಸ್ವರವನ್ನು ಅರ್ಧಕ್ಕೆ ಇಳಿಸಿದರೆ, ಅಂದರೆ 80 ಹರ್ಟ್ಸ್‌ನಿಂದ 40ಕ್ಕೆ ಬಂದರೆ, ಕೋನ್ ನಾಲ್ಕು ಪಟ್ಟು ಜಾಸ್ತಿ ಆಡಬೇಕು. ಬಾಗಿಲಿನ ಊಫರ್ ಅಷ್ಟು ಆಡಲಾರದು. ಆಡಲು ಹೋಗಿ ಅದೇ ಕೋನ್‌ನಿಂದ ಬರುತ್ತಿರುವ ದನಿಯನ್ನೂ ಕೆಡಿಸುತ್ತದೆ. ಸ್ಟೀರಿಯೋದ ಒಳಗಿನ ಆಂಪ್‌ಗೂ ಶಕ್ತಿ ಕಡಿಮೆ. ಡಬ್ಬಿಯ ಮೇಲೆ 50 ವ್ಯಾಟ್ × 4 ಎಂದಿರುತ್ತದೆ. ಆದರೆ ಎಂಜಿನ್ ಓಡುವಾಗ ಸಿಗುವ 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ ಲೆಕ್ಕದ ಪ್ರಕಾರ ಹೆಚ್ಚೆಂದರೆ 26 ವ್ಯಾಟ್ ಶುದ್ಧವಾಗಿ ಕೊಡಬಹುದು. ನಿಜದಲ್ಲಿ ಅದಕ್ಕಿಂತಲೂ ಕಡಿಮೆ. ಆ ಚೂರು ಶಕ್ತಿಯನ್ನು ಆಗದ ಬಾಸ್‌ಗೆ ಸುರಿಯುವುದು ದಂಡ.

ಶುರು ಮಾಡುವ ಮೊದಲು ಬಾಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಜರ್ ಎಲ್ಲ ಆಫ್ ಮಾಡಿ ಸೊನ್ನೆಗೆ ತಂದೆ. ಸಬ್‌ನ ಮೈ ಮೇಲೆ ಇರುವ ಎಲ್‌ಪಿಎಫ್ ತಿರುಪನ್ನು ಕೊನೆಯ ತನಕ ಮೇಲೆ ತಿರುಗಿಸಿಟ್ಟೆ. ಇದನ್ನು ಮರೆತರೆ ಸ್ಟೀರಿಯೋ ಒಮ್ಮೆ ಕತ್ತರಿಸಿದ್ದನ್ನು ಸಬ್ ಮತ್ತೊಮ್ಮೆ ಕತ್ತರಿಸುತ್ತದೆ, ಊಫರ್ ಮತ್ತು ಸಬ್ ನಡುವೆ ಹಳ್ಳ ಬೀಳುತ್ತದೆ.

ಊಫರ್‌ನ ಎಚ್‌ಪಿಎಫ್ 80 ಹರ್ಟ್ಸ್, ಸ್ಲೋಪ್ 12 ಡೆಸಿಬಲ್. ಅಂದರೆ 80ರಿಂದ ಕೆಳಗೆ ಸ್ವರ ಅರ್ಧಕ್ಕೆ ಇಳಿದಾಗಲೆಲ್ಲ ಸದ್ದು 12 ಡೆಸಿಬಲ್ ಇಳಿಯುತ್ತದೆ. 12 ಡೆಸಿಬಲ್ ಎಂದರೆ ಶಕ್ತಿ ಹದಿನಾರರಲ್ಲಿ ಒಂದು ಪಾಲು. 63ರಲ್ಲಿ ಇಟ್ಟು ನೋಡಿದೆ, ಡೊಳ್ಳಿನ ಪೆಟ್ಟಿಗೆ ಬಾಗಿಲಿನ ಪ್ಲಾಸ್ಟಿಕ್ ಕಂಪಿಸಿತು. 125ಕ್ಕೆ ಏರಿಸಿದೆ, ಬಾಗಿಲು ಪೂರ್ತಿ ಶಾಂತ, ಆದರೆ ಗಂಡು ದನಿ ತೆಳ್ಳಗಾಯಿತು. ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಕತ್ತರಿ ಇಟ್ಟರೆ ದನಿಗೆ ಎದೆಯೇ ಇರುವುದಿಲ್ಲ. 80 ಸರಿಯಾಗಿ ಕೂತಿತು. ಸಬ್‌ನ ಎಲ್‌ಪಿಎಫ್ ಕೂಡ 80, ಆದರೆ ಸ್ಲೋಪ್ 24. ಸಬ್‌ಗೆ ಕಡಿದಾದ ಸ್ಲೋಪ್ ಯಾಕೆ ಅಂದರೆ, 150 ಹರ್ಟ್ಸ್ ಮೇಲಿನದ್ದು ಅದರಿಂದ ಬರತೊಡಗಿದರೆ ಸದ್ದು ಸೀಟಿನ ಕೆಳಗಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗಿಬಿಡುತ್ತದೆ. ಬಾಸ್ ಕೂಡ ಡ್ಯಾಶ್‌ಬೋರ್ಡ್ ಕಡೆಯಿಂದಲೇ ಬಂದ ಹಾಗೆ ಇರಬೇಕು.

ಊಫರ್ ಮತ್ತು ಟ್ವೀಟರ್ ನಡುವಿನ ಕ್ರಾಸ್‌ಓವರ್ ಹೆಚ್ಚು ಹೊತ್ತು ಕೇಳಿಸಿಕೊಂಡು ಮಾಡಿದ ಕೆಲಸ. ಟ್ವೀಟರ್‌ನ ಕಾಗದದಲ್ಲಿ ಎಫ್‌ಎಸ್ ಎಂದು ಒಂದು ಸಂಖ್ಯೆ ಇರುತ್ತದೆ, ಅದು ತಾನಾಗಿ ಕಂಪಿಸುವ ಸ್ವರ. ನನ್ನದು ಸುಮಾರು 1.5 ಕಿಲೋಹರ್ಟ್ಸ್. ಕನಿಷ್ಠ ಅದರ ಎರಡು ಪಟ್ಟು ಮೇಲೆ ಕತ್ತರಿಸಬೇಕು ಎಂಬುದು ಈ ಕೆಲಸ ಮಾಡುವವರು ಸಾಮಾನ್ಯವಾಗಿ ಪಾಲಿಸುವ ನಿಯಮ, ಅಂದರೆ 3ರ ಮೇಲೆ. ಇತ್ತ ಊಫರ್ 2.5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಬಿಡುತ್ತದೆ. ಬಾಗಿಲಿನ ಊಫರ್‌ಗೆ ಎದುರು ಇರುವುದು ನಮ್ಮ ಮೊಣಕಾಲು, ಕಿವಿಯಲ್ಲ. ಆದ್ದರಿಂದ ಅದನ್ನು ಜಾಸ್ತಿ ಮೇಲಕ್ಕೆ ಓಡಿಸಿಯೂ ಪ್ರಯೋಜನವಿಲ್ಲ. ನನ್ನ ಸ್ಟೀರಿಯೋದಲ್ಲಿ 2.5, 3.15, 4, 5 ಎಂದು ಮೆಟ್ಟಿಲುಗಳಿವೆ. ಊಫರ್‌ನ ಎಲ್‌ಪಿಎಫ್, ಟ್ವೀಟರ್‌ನ ಎಚ್‌ಪಿಎಫ್ ಎರಡನ್ನೂ 3.15ರಲ್ಲಿ ಇಟ್ಟು, ಎರಡಕ್ಕೂ 24ರ ಸ್ಲೋಪ್ ಕೊಟ್ಟು ಶುರು ಮಾಡಿದೆ.

ಪರೀಕ್ಷೆಗೆ ನಾನು ಬಳಸುವುದು ತೆಂಕುತಿಟ್ಟಿನ ಯಕ್ಷಗಾನದ ರೆಕಾರ್ಡಿಂಗ್. ಮಂಗಳೂರು ಕಡೆಯವನಾದ್ದರಿಂದ ಆ ಸದ್ದು ಎದುರಿಗೆ ಹೇಗಿರುತ್ತದೆ ಎಂದು ನನಗೆ ಗೊತ್ತು, ಅದೇ ದೊಡ್ಡ ಅನುಕೂಲ. ಒಂದೇ ಪದ್ಯದಲ್ಲಿ ಎಲ್ಲ ಸಿಗುತ್ತದೆ. ಮದ್ದಳೆಯ ತುಂಬು ನಾದ ಊಫರ್‌ಗೆ. ಚೆಂಡೆಯ ಕೋಲಿನ ಏಟು ಊಫರ್ ಮತ್ತು ಟ್ವೀಟರ್ ಎರಡಕ್ಕೂ ಹಂಚಿಹೋಗುತ್ತದೆ. ಚಕ್ರತಾಳ ಟ್ವೀಟರ್‌ಗೆ. ಮೇಲೆ ಭಾಗವತರ ಏರುದನಿ, ಅದರ ಕಸುವೆಲ್ಲ ನಾವು ಕತ್ತರಿಸುತ್ತಿರುವ 2ರಿಂದ 4 ಕಿಲೋಹರ್ಟ್ಸ್ ಸುತ್ತಲೇ. 3.15ರಲ್ಲಿ ಕೇಳಿದಾಗ ಭಾಗವತರು ಏರು ಸ್ವರಕ್ಕೆ ಹೋದಾಗಲೆಲ್ಲ ಕಿವಿಗೆ ಚುಚ್ಚಿತು. ‘ಸ’, ‘ಶ’ ಬಂದಲ್ಲಿ ಸಿಳ್ಳೆ ಹೊಡೆದ ಹಾಗೆ. ಟ್ವೀಟರ್ ಕಿವಿಗೆ ಹತ್ತಿರ ಇದೆ, ಜೊತೆಗೆ ಎದುರಿನ ಗಾಜಿಗೆ ಬಡಿದು ಬರುವ ಸದ್ದೂ ಸೇರುತ್ತದೆ. ಊಫರ್ ಅಲ್ಲೇ ಬಿಟ್ಟು ಟ್ವೀಟರ್ ಒಂದನ್ನೇ 4ಕ್ಕೆ ಏರಿಸಿದೆ, ಮಟ್ಟವನ್ನು 3 ಡೆಸಿಬಲ್ ಇಳಿಸಿದೆ. ಚುಚ್ಚುವುದು ಹೋಯಿತು. ಚೆಂಡೆಯ ಏಟಿನ ಮೊನೆ ಮಾತ್ರ ಹಾಗೇ ಉಳಿಯಿತು. ಊಫರ್ 3.15, ಟ್ವೀಟರ್ 4 ಎಂದು ನಡುವೆ ಸಂದಿ ಬಿಟ್ಟಿದ್ದು ಕಾಗದದ ಮೇಲೆ ತಪ್ಪಾಗಿ ಕಾಣಬಹುದು. ಕಾರಿನ ಒಳಗೆ ಅದೇ ಸರಿ ಕೇಳಿಸುತ್ತದೆ.

ಒಂದು ಮಾತು ಇಲ್ಲಿ ಹೇಳಬೇಕು. ಯಾವುದೋ ಒಂದು ಜೋರಾಗಿದೆ ಅನಿಸಿದರೆ ಉಳಿದವನ್ನು ಏರಿಸಲು ಹೋಗಬೇಡಿ. ಜೋರಾಗಿರುವುದನ್ನು ಇಳಿಸಿ. ಆಂಪ್‌ಗೆ ಉಸಿರಾಡಲು ಜಾಗ ಉಳಿಯುತ್ತದೆ.

ಸಬ್‌ನ ಫೇಸ್, ಅಂದರೆ ಅದರ ಸದ್ದು ಊಫರ್‌ನ ಸದ್ದಿನ ಜೊತೆಗೆ ಸಾಗುತ್ತಿದೆಯೋ ಎದುರಾಗುತ್ತಿದೆಯೋ ಎಂಬುದನ್ನು ನೋಡದೆ ಬಿಡುವವರು ತುಂಬಾ. ಮೆನುವಿನಲ್ಲಿ ನಾರ್ಮಲ್, ರಿವರ್ಸ್ ಎಂದು ಎರಡೇ ಆಯ್ಕೆ. 80 ಹರ್ಟ್ಸ್‌ನ ಒಂದೇ ಸಮನೆ ಬರುವ ಟೋನ್ ಹಾಕಿ, ಓಡಿಸುವವರ ಸೀಟಿನಲ್ಲಿ ಕೂತು ಎರಡನ್ನೂ ಬದಲಿಸಿ ಕೇಳಿದೆ. ಊಫರ್ ಮತ್ತು ಸಬ್ ಎರಡೂ ಒಟ್ಟಿಗೆ ಹಾಡುವ ಜಾಗ ಅದು. ಜೊತೆಗೂಡಿದರೆ ಸದ್ದು ಹೆಚ್ಚುತ್ತದೆ, ಎದುರುಬದುರಾದರೆ ಕುಸಿಯುತ್ತದೆ. ನನ್ನ ಕಾರಿನಲ್ಲಿ ರಿವರ್ಸ್‌ನಲ್ಲಿ ಜೋರಾಯಿತು, ಅದನ್ನೇ ಇಟ್ಟೆ. ಬಾಸ್ ಸಾಲದು ಎಂದು ಇನ್ನೂ ದೊಡ್ಡ ಸಬ್ ಕೊಳ್ಳಲು ಹೊರಟವರು ಮೊದಲು ಇದೊಂದನ್ನು ತಿರುವಿ ನೋಡಲಿ.

ಕೊನೆಗೆ ದೂರ. ನಮ್ಮಲ್ಲಿ ಓಡಿಸುವವರು ಕೂರುವುದು ಬಲಕ್ಕೆ. ಹಾಗಾಗಿ ಬಲಗಡೆಯ ಸದ್ದು ಮೊದಲು ತಲುಪಿ ಎಲ್ಲವೂ ಬಲಕ್ಕೆ ವಾಲಿದ ಹಾಗಿರುತ್ತದೆ. ಟೇಪು ಹಿಡಿದು ಮೂಗಿನ ತುದಿಯಿಂದ ಒಂದೊಂದು ಸ್ಪೀಕರ್‌ಗೆ ಅಳೆದೆ. ಬಲ ಟ್ವೀಟರ್ 85 ಸೆಂಟಿಮೀಟರ್, ಎಡದ್ದು 130. ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಓಡುತ್ತದೆ, ಈ 45 ಸೆಂಟಿಮೀಟರ್ ವ್ಯತ್ಯಾಸ ಅಂದರೆ ಒಂದೂಕಾಲು ಮಿಲಿಸೆಕೆಂಡಿಗೆ ಸ್ವಲ್ಪ ಮೇಲೆ. ಹತ್ತಿರದ ಸ್ಪೀಕರ್‌ನ ಸದ್ದನ್ನು ಅಷ್ಟೇ ತಡಮಾಡಿ ಕಳಿಸುವ ಟೈಮ್ ಅಲೈನ್‌ಮೆಂಟ್ ಪುಟದಲ್ಲಿ ಅಳತೆಗಳನ್ನು ತುಂಬಿದ ಮೇಲೆ ಭಾಗವತರು ಬಲ ಬಾಗಿಲಿನಿಂದ ಎದ್ದು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತರು. ಊರಿಗೆ ಹೋದಾಗ ಅಪ್ಪನನ್ನು ಬಲ ಸೀಟಿನಲ್ಲಿ ಕೂರಿಸಿ ಕೇಳಿಸಿದೆ. “ಚೆಂಡೆ ಬಲಗಡೆ, ಮದ್ದಳೆ ಎಡಗಡೆ ಅಂತ ಸರಿಯಾಗಿ ಗೊತ್ತಾಗ್ತದಲ್ಲ ಮಾರಾಯ” ಎಂದರು. ಪಕ್ಕದ ಸೀಟಿನವರಿಗೆ ಮಾತ್ರ ಇದು ಅಷ್ಟು ಚೆನ್ನಾಗಿರುವುದಿಲ್ಲ. ಎಲ್ಲರೂ ಒಟ್ಟಿಗೆ ಹೋಗುವಾಗ ನಾನು ಅದನ್ನು ಆಫ್ ಮಾಡುತ್ತೇನೆ.

ಸಬ್‌ನ ಮಟ್ಟವನ್ನು ನಿಂತ ಕಾರಿನಲ್ಲಿ ತೀರ್ಮಾನಿಸಬೇಡಿ. ಮನೆ ಮುಂದೆ ಸರಿ ಅನಿಸಿದ್ದು ಹೆದ್ದಾರಿಯಲ್ಲಿ ಮಾಯವಾಗುತ್ತದೆ. ಟೈರು ಮತ್ತು ಎಂಜಿನ್ನಿನ ಗುಂಯ್ ಎನ್ನುವ ಸದ್ದು ಇರುವುದೇ ಕೆಳಗಿನ ಸ್ವರಗಳಲ್ಲಿ, ಅದು ಬಾಸನ್ನು ನುಂಗುತ್ತದೆ. ನಾನು ನೆಲಮಂಗಲ ದಾಟಿದ ಮೇಲೆ, ನನ್ನ ಮಾಮೂಲಿ ವೇಗದಲ್ಲಿ, ಪಕ್ಕದಲ್ಲಿ ಕೂತ ಗೆಳೆಯನ ಕೈಯಲ್ಲಿ ಏರಿಸಿಕೊಂಡೆ. ಓಡಿಸುವಾಗ ನೀವೇ ಮೆನು ಮುಟ್ಟಬೇಡಿ.

ಬಾಗಿಲಿನ ಬಗ್ಗೆಯೂ ಒಂದು ವಿಷಯ. ಒಳಗಿನ ತಗಡಿನ ದೊಡ್ಡ ತೂತುಗಳನ್ನು ಬ್ಯುಟೈಲ್ ಶೀಟ್ (ಕಂಪನ ತಗ್ಗಿಸುವ ಅಂಟು ರಬ್ಬರಿನ ಹಾಳೆ) ಅಂಟಿಸಿ ಮುಚ್ಚಿದ್ದರಿಂದ 80ರಿಂದ 200 ಹರ್ಟ್ಸ್ ನಡುವಿನ ಸ್ವರ ಗಟ್ಟಿಯಾಯಿತು. ಆದರೆ ಬಾಗಿಲಿನ ಅಡಿಯಲ್ಲಿ ಮಳೆನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ, ಅವನ್ನು ಮಾತ್ರ ಮುಚ್ಚಬೇಡಿ. ಕರಾವಳಿಯ ಮಳೆಗೆ ಒಂದೇ ಸೀಸನ್‌ನಲ್ಲಿ ತುಕ್ಕು ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಒಂದೊಂದು ಸೆಟ್ಟಿಂಗ್ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ನೆಟ್‌ವರ್ಕ್ ಮೋಡ್‌ಗೆ ವೈರ್ ಆಗಿದೆ, ಬೇರೆ ಮೋಡ್ ಹಾಕಬೇಡಿ ಎಂದು ಬರೆದ ಚೀಟಿಯೊಂದನ್ನು ಸ್ಟೀರಿಯೋದ ಬೆನ್ನಿಗೆ, ಇನ್ನೊಂದನ್ನು ಬ್ಯಾಟರಿಯ ಪಕ್ಕ ಅಂಟಿಸಿದ್ದೇನೆ.