ದಿನಸಿ ಅಂಗಡಿಯ ಸಾಮೂಹಿಕ ಸಂದರ್ಶನಕ್ಕೆ ಹೋಗುವ ಮುನ್ನ

ಹೊಸ ಮಳಿಗೆ ತೆರೆಯುವಾಗ ಅಥವಾ ವ್ಯಾಪಾರ ಹೆಚ್ಚುವ ತಿಂಗಳುಗಳು ಹತ್ತಿರವಾದಾಗ, ದೊಡ್ಡ ದಿನಸಿ ಅಂಗಡಿಗಳು ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯುವ ಬದಲು ಒಂದೇ ದಿನ ಎಲ್ಲರನ್ನೂ ಕರೆಸಿ, ಎಂಟು ಹತ್ತು ಮಂದಿಯನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವುದುಂಟು. ಇಂಥ ಕಡೆ ನಿಮ್ಮ ಪಾಲಿಗೆ ಸಿಗುವುದು ಕೆಲವೇ ನಿಮಿಷಗಳು. ಬಿಲ್ಲಿಂಗ್ ಯಂತ್ರ ನಡೆಸುವುದನ್ನು, ರ‍್ಯಾಕ್ ಜೋಡಿಸುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಸಬಹುದು. ಆದರೆ ಇನ್ನೊಬ್ಬರು ಮಾತನಾಡುವಾಗ ಕಿವಿಗೊಡುವ ಸ್ವಭಾವವನ್ನು ಕಲಿಸುವುದು ಕಷ್ಟ. ಆದ್ದರಿಂದ ನೀವು ಉತ್ತರ ಕೊಡುವ ಹೊತ್ತಿನಷ್ಟೇ, ನೀವು ಸುಮ್ಮನಿರುವ ಹೊತ್ತಿನಲ್ಲಿಯೂ ನಿಮ್ಮನ್ನು ಗಮನಿಸುತ್ತಿರುತ್ತಾರೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಸಿದ್ಧತೆಯಲ್ಲಿ ಹೆಚ್ಚಿನವರು ಕಡೆಗಣಿಸುವುದು ಕೆಲಸದ ವೇಳೆಯನ್ನು. ಅಂಗಡಿಯಲ್ಲಿ ಜನ ಹೆಚ್ಚುವುದು ಸಂಜೆ ಮತ್ತು ವಾರಾಂತ್ಯಗಳಲ್ಲಿ; ಸರಕು ಇಳಿಸಿ ಜೋಡಿಸುವ ಕೆಲಸ ಅನೇಕ ಕಡೆ ಬೆಳಗಿನ ಜಾವದಲ್ಲಿ ಅಥವಾ ಬಾಗಿಲು ಹಾಕಿದ ಮೇಲೆ ನಡೆಯುತ್ತದೆ. ವಾರದ ಏಳು ದಿನಗಳನ್ನೂ ಕಾಗದದ ಮೇಲೆ ಬರೆದು, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬರಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ಗುರುತು ಮಾಡಿಕೊಳ್ಳಿ. "ಯಾವಾಗ ಬೇಕಾದರೂ ಬರುತ್ತೇನೆ" ಎಂಬ ಮಾತು ಕೇಳಲು ಹಿತವಾಗಿದ್ದರೂ, ಅದು ನಿಜವಲ್ಲದಿದ್ದರೆ ಮೊದಲ ವಾರದ ಶಿಫ್ಟ್ ಪಟ್ಟಿ ಬಂದ ದಿನವೇ ಬಯಲಾಗುತ್ತದೆ. ಸಾಧ್ಯವಿದ್ದರೆ ಹಿಂದಿನ ದಿನ ಅದೇ ಅಂಗಡಿಗೆ ಗ್ರಾಹಕರಂತೆ ಹೋಗಿ ಅರ್ಧ ಗಂಟೆ ಸುತ್ತಾಡಿ ಬನ್ನಿ. ಯಾವ ವಿಭಾಗದಲ್ಲಿ ದುಡಿಯಲು ಇಷ್ಟ ಎಂದು ಕೇಳಿದಾಗ, ಕಣ್ಣಾರೆ ನೋಡಿ ಬಂದವರ ಉತ್ತರಕ್ಕೆ ಬೇರೆಯೇ ತೂಕವಿರುತ್ತದೆ. ಗುರುತಿನ ಚೀಟಿ, ಬಯೋಡೇಟಾದ ಎರಡು ಪ್ರತಿ, ಒಂದು ಪೆನ್ನು, ಶುಭ್ರವಾದ ಉಡುಪು ಮತ್ತು ಮುಚ್ಚಿದ ಶೂ ಇದ್ದರೆ ಉಳಿದ ಸಿದ್ಧತೆ ಮುಗಿದಂತೆ.

ಹದಿನೈದು ನಿಮಿಷ ಮೊದಲೇ ತಲುಪಿ, ಮೊಬೈಲನ್ನು ಸದ್ದಿಲ್ಲದಂತೆ ಮಾಡಿ ಚೀಲದೊಳಗೆ ಇಟ್ಟುಬಿಡಿ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಸಿಬ್ಬಂದಿಯೊಂದಿಗೆ ನೀವು ನಡೆದುಕೊಳ್ಳುವ ರೀತಿಯೂ ಒಳಗಿನವರೆಗೆ ತಲುಪಬಹುದು.

ಸ್ವಪರಿಚಯ ಒಂದು ನಿಮಿಷ ಮೀರದಿರಲಿ. "ನಾನು ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುತ್ತೇನೆ" ಎಂದು ಹತ್ತೂ ಮಂದಿ ಹೇಳುವುದರಿಂದ ಅದು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಅದರ ಬದಲು, "ರಜೆಯಲ್ಲಿ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದೆ, ತಪ್ಪು ಜಾಗದಲ್ಲಿಟ್ಟ ಪುಸ್ತಕ ಹುಡುಕಿ ಬಂದವರ ಪಾಲಿಗೆ ಇಲ್ಲದಂತೆಯೇ ಎಂದು ಅಲ್ಲಿ ಅರ್ಥವಾಯಿತು" ಎಂಬಂತಹ ಒಂದು ಚಿಕ್ಕ ಅನುಭವವನ್ನು ಹೇಳಿ. ಹಿಂದೆ ಅಂಗಡಿಯಲ್ಲಿ ದುಡಿಯದವರಿಗೂ ಇಂಥದ್ದೊಂದು ಇದ್ದೇ ಇರುತ್ತದೆ.

ಒಂದೇ ಪ್ರಶ್ನೆ ಸಾಲಾಗಿ ಎಲ್ಲರ ಮುಂದೆ ಬರುವಾಗ, ನಿಮ್ಮ ಸರದಿ ಬರುವಷ್ಟರಲ್ಲಿ ನೀವು ಹೇಳಬೇಕೆಂದಿದ್ದನ್ನು ಬೇರೆಯವರು ಹೇಳಿ ಮುಗಿಸಿರಬಹುದು. ಆಗ ಗಾಬರಿಪಟ್ಟು ಹೊಸದೇನನ್ನೋ ಕಟ್ಟಲು ಹೋಗಬೇಡಿ. "ಇವರು ಹೇಳಿದ್ದು ಸರಿ, ಅದರ ಜೊತೆಗೆ ನಾನು ಇದನ್ನೂ ಮಾಡುತ್ತೇನೆ" ಎಂದು ಮುಂದುವರಿಸಿದರೆ, ನೀವು ಕೇಳಿಸಿಕೊಂಡಿದ್ದೀರಿ ಎಂಬುದೂ ತಿಳಿಯುತ್ತದೆ, ನಿಮ್ಮ ಮಾತೂ ನಿಲ್ಲುತ್ತದೆ. ಒಟ್ಟಾಗಿ ಮಾಡುವ ಕೆಲಸವನ್ನೇನಾದರೂ ಕೊಟ್ಟರೆ, ಬಾಯಿ ತೆರೆಯದೆ ಕುಳಿತ ಒಬ್ಬರ ಕಡೆ ತಿರುಗಿ "ನಿಮಗೆ ಹೇಗೆ ಅನ್ನಿಸುತ್ತದೆ?" ಎಂದು ಕೇಳುವುದು, ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡುವುದಕ್ಕಿಂತ ಎಷ್ಟೋ ಮೇಲು.

ನಿಜವಾದ ಪರೀಕ್ಷೆ ಇರುವುದು "ಹೀಗಾದರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆಗಳಲ್ಲಿ. ಉದಾಹರಣೆಗೆ, ಜನ ಓಡಾಡುವ ದಾರಿಯಲ್ಲಿ ಎಣ್ಣೆಯ ಗಾಜಿನ ಬಾಟಲಿ ಬಿದ್ದು ಒಡೆದಿದೆ ಎಂದುಕೊಳ್ಳಿ. ಒರೆಸುವ ಬಟ್ಟೆ ತರಲು ಓಡುತ್ತೇನೆ ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ನೀವು ಅತ್ತ ಹೋದ ಅರ್ಧ ನಿಮಿಷದಲ್ಲಿ ಟ್ರಾಲಿ ತಳ್ಳಿಕೊಂಡು ಬರುವ ಯಾರಾದರೂ ಅಲ್ಲಿ ಜಾರಿ ಬೀಳಬಹುದು. ಆ ಜಾಗವನ್ನು ಬಿಟ್ಟು ಕದಲದೆ, ಬರುವವರನ್ನು ತಡೆದು, ಸಹೋದ್ಯೋಗಿಯನ್ನು ಕೂಗಿ ಕರೆದು, ಎಚ್ಚರಿಕೆಯ ಫಲಕ ಇಟ್ಟು, ಗಾಜಿನ ಚೂರುಗಳನ್ನು ಬರಿಗೈಯಿಂದ ಮುಟ್ಟದೆ ತೆಗೆದು, ಕೊನೆಗೆ ಮೇಲ್ವಿಚಾರಕರಿಗೆ ತಿಳಿಸುತ್ತೇನೆ ಎಂದು ಕ್ರಮವಾಗಿ ಹೇಳಿ. ಇನ್ನೊಂದು ಸಾಮಾನ್ಯ ಪ್ರಶ್ನೆ ಹೊಸ ಸರಕು ಬಂದಾಗ ಜೋಡಿಸುವ ಬಗೆ. ಬಳಕೆಯ ಅವಧಿ ಬೇಗ ಮುಗಿಯುವ ಪೊಟ್ಟಣಗಳು ಮುಂದೆ, ತಡವಾಗಿ ಮುಗಿಯುವವು ಹಿಂದೆ. ದಿನಾಂಕ ದಾಟಿದ್ದು ರ‍್ಯಾಕಿನಲ್ಲಿಯೇ ಇರಬಾರದು. ಬಿಲ್ಲಿನಲ್ಲಿ ಬೆಲೆ ತಪ್ಪಾಗಿದೆ ಎಂದು ಗ್ರಾಹಕರು ಸಿಟ್ಟಾದರೆ ವಾದಕ್ಕಿಳಿಯದೆ ಅವರ ಮಾತನ್ನು ಪೂರ್ತಿ ಕೇಳಿ, ಬೆಲೆಚೀಟಿಯನ್ನು ನೋಡಿ, ನಿಮ್ಮ ಅಧಿಕಾರಕ್ಕೆ ಮೀರಿದ್ದನ್ನು ಮ್ಯಾನೇಜರ್ ಬಳಿಗೆ ಒಯ್ಯುವುದು ಸರಿಯಾದ ದಾರಿ.

ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು, ಶೀತಲ ಕೋಣೆಯಲ್ಲಿ ಓಡಾಡುವುದು ಈ ಕೆಲಸದ ಭಾಗವಾಗಿರುವುದರಿಂದ, ಬೆನ್ನಿನ ಅಥವಾ ಮಂಡಿಯ ತೊಂದರೆಯಿಂದ ಯಾವುದಾದರೂ ಕೆಲಸ ಆಗದಿದ್ದರೆ, ಅದನ್ನು ಆಗುತ್ತದೆ ಎಂದು ಒಪ್ಪಿಕೊಂಡು ಬರಬೇಡಿ. ನಿಮಗೆ ಹೊಂದುವ ವಿಭಾಗ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೊನೆಯಲ್ಲಿ ಪ್ರಶ್ನೆಗಳಿವೆಯೇ ಎಂದರೆ, ತರಬೇತಿ ಎಷ್ಟು ದಿನ, ಶಿಫ್ಟ್ ಪಟ್ಟಿ ಎಷ್ಟು ಮುಂಚೆ ಕೈಸೇರುತ್ತದೆ ಎಂದು ಕೇಳಿ. ಸಂಬಳದ ವಿಷಯವನ್ನು ಗುಂಪಿನ ನಡುವೆ ಎತ್ತುವುದಕ್ಕಿಂತ ಪ್ರತ್ಯೇಕವಾಗಿ ಕರೆದಾಗ ಕೇಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯೇ ಕೆಲಸ ಕೊಟ್ಟರೆ ಸಂಬಳ, ವಾರದ ಗಂಟೆಗಳು ಮತ್ತು ಸೇರುವ ದಿನವನ್ನು ಬರವಣಿಗೆಯಲ್ಲಿ ಪಡೆಯಿರಿ. ಯೋಚಿಸಲು ಒಂದು ದಿನ ಕೇಳುವುದು ತಪ್ಪಲ್ಲ. ಆಮೇಲೆ ತಿಳಿಸುತ್ತೇವೆ ಎಂದರೆ, ಯಾವ ದಿನದೊಳಗೆ ಎಂದು ಕೇಳಿ, ಮಾತನಾಡಿಸಿದವರ ಹೆಸರನ್ನು ಬರೆದುಕೊಂಡು ಬನ್ನಿ. ಆ ದಿನ ಕಳೆದರೂ ಸುದ್ದಿ ಬರದಿದ್ದರೆ, ಅಂಗಡಿಯಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ ಅವರ ಹೆಸರು ಹೇಳಿಯೇ ಫೋನ್ ಮಾಡಿ ವಿಚಾರಿಸಿ.