ಬೇಳೆ ಬೆಂದರೆ ಸಾಲದು: ಬೋರ್‌ವೆಲ್ ನೀರನ್ನೂ ಮನೆಯ ಗಾಳಿಯನ್ನೂ ಪರೀಕ್ಷಿಸಿಕೊಳ್ಳುವ ಬಗೆ

ಮುಂಡರಗಿ ತಾಲ್ಲೂಕಿನಲ್ಲಿರುವ ನಮ್ಮ ಸೋದರತ್ತೆಯ ಮನೆಯ ಹಿತ್ತಲ ಬೋರ್‌ವೆಲ್ಲಿಗೆ ಓಣಿಯಲ್ಲೆಲ್ಲ ಒಳ್ಳೆಯ ಹೆಸರಿತ್ತು. ಆ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತಿತ್ತು, ಸೋಪು ಚೆನ್ನಾಗಿ ನೊರೆ ಬಿಡುತ್ತಿತ್ತು, ಕುಡಿದರೆ ನಾಲಗೆಗೆ ಸವಳು ಹತ್ತುತ್ತಿರಲಿಲ್ಲ. ಅಕ್ಕಪಕ್ಕದ ನಾಲ್ಕಾರು ಮನೆಯವರು ಕುಡಿಯುವುದಕ್ಕೆಂದೇ ಅಲ್ಲಿಂದ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಒಂದು ದಿನ ನೀರು ಪರೀಕ್ಷೆಯ ತರಬೇತಿ ಪಡೆದ ಊರಿನ ಹೆಣ್ಣುಮಗಳೊಬ್ಬಳು ಕಿಟ್ ತಂದು, ಕಟ್ಟೆಯ ಮೇಲೆ ಕುಳಿತು, ಸಣ್ಣ ಗಾಜಿನ ನಳಿಕೆಗೆ ಆ ನೀರು ಹಾಕಿ ಕೆಲವು ಹನಿ ದ್ರಾವಣ ಬೆರೆಸಿದಳು. ಫ್ಲೋರೈಡ್ ಇಲ್ಲದ ನೀರಾದರೆ ಗುಲಾಬಿ ಬಣ್ಣ ಹಾಗೆಯೇ ಉಳಿಯುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು. ನಾವು ನೋಡುತ್ತಿದ್ದಂತೆಯೇ ಆ ಗುಲಾಬಿ ಮಾಸಿ, ಕಿತ್ತಳೆಯ ಛಾಯೆಗೆ ತಿರುಗಿ, ಕೊನೆಗೆ ಹಳದಿಯಾಗಿ ನಿಂತಿತು. ಅತ್ತೆ ಮಾತಾಡಲಿಲ್ಲ, ಪಕ್ಕದಲ್ಲಿ ನಿಂತಿದ್ದ ಮೊಮ್ಮಗನ ಗದ್ದ ಹಿಡಿದು ಅವನ ಮುಂಬಲ್ಲಿನ ಮೇಲಿದ್ದ ಕಂದು ಗೆರೆಗಳನ್ನು ನೋಡಿದರು.

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಕಡೆ ಬೇಳೆಯನ್ನು ಕೇಳಿ ತಿಳಿದುಕೊಳ್ಳುವ ರೂಢಿ ಇದೆ. ಬೇಳೆ ಹೇಳುವುದು ಗಡಸುತನವನ್ನು ಮಾತ್ರ, ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಶಿಲೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಆ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಕೆಳಗೆ ಕೂರುತ್ತದೆ, ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದರೆ ನೀರಿನಲ್ಲಿಯೇ ಉಳಿಯುತ್ತದೆ. ಬೇಳೆಯನ್ನು ಬೇಗ ಬೇಯಿಸುವ ಮೆದು ನೀರೇ ಕೆಲವೊಮ್ಮೆ ಫ್ಲೋರೈಡ್ ಹೊತ್ತ ನೀರಾಗಿರುವುದು ಈ ಕಾರಣದಿಂದ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ರೋಣದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಆದರೆ ಒಂದೇ ಓಣಿಯ ಎರಡು ಬೋರ್‌ವೆಲ್ಲುಗಳ ನೀರು ಒಂದೇ ತೆರನಾಗಿರುವುದಿಲ್ಲವಾದ್ದರಿಂದ ನೆರೆಮನೆಯ ವರದಿ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ.

ಮೊದಲು ಮೂಲ ಗುರುತಿಸಿ

ಮನೆಗೆ ಬರುವ ನೀರು ಎಲ್ಲಿಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಮುಖ್ಯವಾಗಿ ಬರುವುದು ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಜಲಾಶಯದ ಮಲಪ್ರಭಾ ನೀರು. ಗದಗ-ಬೆಟಗೇರಿಗೂ ಹಾವೇರಿ, ರಾಣೆಬೆನ್ನೂರಿಗೂ ತುಂಗಭದ್ರೆಯ ನೀರು. ನದಿ ನೀರಿನಲ್ಲಿ ಫ್ಲೋರೈಡಿನ ಭಯ ಕಡಿಮೆ. ಅಲ್ಲಿ ತೊಂದರೆ ಬೇರೆ: ಕೆಲವು ದಿನಗಳಿಗೊಮ್ಮೆ ಬರುವ ನೀರನ್ನು ಸಂಪು, ಸಿಂಟೆಕ್ಸ್, ಪ್ಲಾಸ್ಟಿಕ್ ಕೊಡಗಳಲ್ಲಿ ಹಿಡಿದಿಡುವಾಗ ರೋಗಾಣು ಸೇರಿಕೊಳ್ಳುತ್ತವೆ. ಅನೇಕ ಮನೆಗಳಲ್ಲಿ ನಲ್ಲಿ ನೀರೂ ಬೋರ್‌ವೆಲ್ ನೀರೂ ಒಂದೇ ಸಂಪಿಗೆ ಬೀಳುತ್ತವೆ. ಹಾಗಿದ್ದರೆ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಬೆರೆತ ನೀರಿನ ವರದಿಯಿಂದ ಯಾವುದರಲ್ಲಿ ದೋಷವಿದೆ ಎಂಬುದು ತಿಳಿಯುವುದಿಲ್ಲ.

ಮಾದರಿ ತೆಗೆಯುವ ಕ್ರಮ

ರಾಸಾಯನಿಕ ಪರೀಕ್ಷೆಗೆ ಒಂದರಿಂದ ಎರಡು ಲೀಟರ್ ಹಿಡಿಸುವ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರ್‌ವೆಲ್ ಮೋಟಾರನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತಿದ್ದ ಹಳೆಯ ನೀರು ಹರಿದುಹೋದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಬಾರಿ ತೊಳೆದು, ಬಾಯಿಯವರೆಗೆ ತುಂಬಿ ಮುಚ್ಚಳ ಬಿಗಿಯಬೇಕು. ರೋಗಾಣು ಪರೀಕ್ಷೆಯ ಬಾಟಲಿಯನ್ನು ಮಾತ್ರ ಪ್ರಯೋಗಾಲಯದಿಂದಲೇ ಪಡೆಯಬೇಕು. ಅದು ಕ್ರಿಮಿಶುದ್ಧ ಮಾಡಿದ್ದಾಗಿರುವುದರಿಂದ ತೊಳೆಯಬಾರದು, ಮುಚ್ಚಳದ ಒಳಮೈ ಮುಟ್ಟಬಾರದು, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಬೇಕು. ಆ ಬಾಟಲಿಯನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ, ತಪ್ಪಿದರೆ ಅದೇ ದಿನದೊಳಗೆ ತಲುಪಿಸಬೇಕು. ಊರು, ನೀರಿನ ಮೂಲ, ಬೋರ್‌ವೆಲ್ಲಿನ ಆಳ, ದಿನಾಂಕ, ಹೊತ್ತು ಇವನ್ನು ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಬರೆಯಿರಿ.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯು ಜಿಲ್ಲೆಗಳಲ್ಲಿ ನೀರಿನ ಪ್ರಯೋಗಾಲಯಗಳನ್ನು ನಡೆಸುತ್ತದೆ. ಜಲ ಜೀವನ್ ಮಿಷನ್ನಿನ ಅಡಿಯಲ್ಲಿ 2021ರಿಂದ ಇಂಥ ಪ್ರಯೋಗಾಲಯಗಳು ಅಲ್ಪ ಶುಲ್ಕಕ್ಕೆ ಸಾರ್ವಜನಿಕರ ಮಾದರಿಗಳನ್ನೂ ಪರೀಕ್ಷಿಸಲು ತೆರೆದಿವೆ. ಹಳ್ಳಿಯವರು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಬಹುದು. ಇದೇ ಯೋಜನೆಯಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಕೊಡಬೇಕಾಗಿದೆ. ಕಿಟ್ಟಿನ ಬಣ್ಣ ಎಚ್ಚರಿಕೆ ಕೊಡುತ್ತದೆ, ಅಂಕಿ ಕೊಡುವುದು ಪ್ರಯೋಗಾಲಯ. ಅಂಕಿ ಸಿಗುವವರೆಗೆ ಯಾವ ಫಿಲ್ಟರನ್ನೂ ಕೊಳ್ಳಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಫಿಲ್ಟರ್ ಮಾರಲು ಮನೆಗೆ ಬಂದವನೊಬ್ಬ ನಮ್ಮ ಲೋಟದ ನೀರಿನಲ್ಲಿ ವಿದ್ಯುತ್ತಿನ ಎರಡು ಕಂಬಿಗಳನ್ನು ಅದ್ದಿ, ಅರೆ ನಿಮಿಷದಲ್ಲಿ ನೀರು ಕೆಂಪುಗಂದಾಗಿ ಗಸಿ ಏಳುವುದನ್ನು ತೋರಿಸಿದ. ತನ್ನ ಯಂತ್ರದ ನೀರಿಗೆ ಅದ್ದಿದಾಗ ಏನೂ ಆಗಲಿಲ್ಲ. ನೋಡಿದವರು ಬೆಚ್ಚಿಬಿದ್ದರು. ಆ ಗಸಿ ನೀರಿನದ್ದಲ್ಲ, ಕರಗಿದ ಕಬ್ಬಿಣದ ಕಂಬಿಯದು. ಲವಣವಿರುವ ಯಾವ ನೀರಿನಲ್ಲಿ ವಿದ್ಯುತ್ ಹರಿದರೂ ಹೀಗೆಯೇ ಆಗುತ್ತದೆ. ಟಿಡಿಎಸ್ ಮೀಟರೂ ಅಷ್ಟೇ, ಕರಗಿದ ಲವಣಗಳ ಒಟ್ಟು ಪ್ರಮಾಣವನ್ನಷ್ಟೇ ತೋರಿಸುತ್ತದೆ. ಅದಕ್ಕೆ ಫ್ಲೋರೈಡ್ ಯಾವುದು, ಅಡುಗೆ ಉಪ್ಪು ಯಾವುದು ಎಂಬುದು ತಿಳಿಯದು. ರೋಗಾಣುವಂತೂ ಅದಕ್ಕೆ ಕಾಣುವುದೇ ಇಲ್ಲ.

ವರದಿ ಓದುವುದು

ವರದಿಯಲ್ಲಿ ಹತ್ತಾರು ಸಾಲುಗಳಿದ್ದರೂ ಮೊದಲು ಮೂರನ್ನು ಹುಡುಕಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಾಗ 1.5ರವರೆಗೆ ಒಪ್ಪಬಹುದು. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು, ಅದರಲ್ಲಿ ರಿಯಾಯಿತಿ ಇಲ್ಲ. ಇ. ಕೋಲಿ ಎಂಬ ಮಲಮೂಲದ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಅನಿವಾರ್ಯವಾದರೆ 2000ದವರೆಗೆ. ಗಡಸುತನಕ್ಕೆ 200 ಮತ್ತು 600. ಕೊನೆಯ ಎರಡು ರುಚಿಗೂ ಅಡುಗೆಗೂ ಹೆಚ್ಚು ಸಂಬಂಧಿಸಿದವು.

ಫ್ಲೋರೈಡ್ ಮಿತಿ ಮೀರಿದ ನೀರು ಎಂಟು ವರ್ಷದೊಳಗಿನ ಮಕ್ಕಳ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಹೊಳಪನ್ನು ಕೆಡಿಸುತ್ತದೆ, ಹಾಗೆ ಮೂಡಿದ ಕಲೆ ತಾನಾಗಿ ಹೋಗುವುದಿಲ್ಲ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಮೊಣಕಾಲಿನ ಕೀಲುಗಳು ಬಿಗಿಯುತ್ತವೆ. ವಯಸ್ಸಾಯಿತು ಎಂದುಕೊಂಡು ಸಹಿಸುವವರು ಬಹಳ. ನೈಟ್ರೇಟ್ ಬರುವುದು ಕಲ್ಲಿನಿಂದಲ್ಲ, ತಿಪ್ಪೆ, ಶೌಚದ ಗುಂಡಿ, ಹೊಲಕ್ಕೆ ಹಾಕಿದ ಗೊಬ್ಬರಗಳಿಂದ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ರಕ್ತವು ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ.

ದೋಷಕ್ಕೆ ತಕ್ಕ ಪರಿಹಾರ

ಕುದಿಸುವುದು ರೋಗಾಣುಗಳಿಗೆ ಮಾತ್ರ ಮದ್ದು. ಫ್ಲೋರೈಡೂ ನೈಟ್ರೇಟೂ ಆವಿಯಾಗಿ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅವು ದಟ್ಟವಾಗುತ್ತವೆ. ಸಂಪಿನ ನದಿ ನೀರಿನಲ್ಲಿ ರೋಗಾಣುವಿನ ದೋಷ ಮಾತ್ರ ಕಂಡರೆ, ಸಂಪನ್ನು ತಿಕ್ಕಿ ತೊಳೆದು, ಸಾವಿರ ಲೀಟರಿಗೆ ಸುಮಾರು 2.5 ಗ್ರಾಂನಂತೆ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಟ್ಟರೆ ಸಾಕು. ಮಲಪ್ರಭೆಯ ನೀರಿಗೆ, ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಆರ್‌ಒ ಯಂತ್ರದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಫ್ಲೋರೈಡ್ ಅಥವಾ ನೈಟ್ರೇಟ್ ಹೆಚ್ಚಿದ್ದರೆ ಮನೆಯಲ್ಲಿ ನೆಚ್ಚಬಹುದಾದ ಯಂತ್ರ ಆರ್‌ಒ. ಆದರೆ ಅನೇಕ ಯಂತ್ರಗಳೊಳಗೆ ರುಚಿಗಾಗಿ ಇರುವ ಟಿಡಿಎಸ್ ಹೊಂದಿಸುವ ತಿರುಪನ್ನು ತೆರೆದರೆ, ಪೊರೆಯನ್ನು ದಾಟದ ಕಚ್ಚಾ ನೀರು ಶುದ್ಧ ನೀರಿಗೆ ಬೆರೆಯುತ್ತದೆ, ಬೋರ್‌ವೆಲ್ಲಿನ ಫ್ಲೋರೈಡ್ ಮತ್ತೆ ಲೋಟಕ್ಕೆ ಬರುತ್ತದೆ. ಯಂತ್ರ ಕೂರಿಸುವವರಿಗೆ ಆ ತಿರುಪನ್ನು ಪೂರ್ತಿ ಮುಚ್ಚಲು ಹೇಳಿ, ವಾರದ ಬಳಿಕ ಯಂತ್ರದಿಂದ ಹೊರಬಂದ ನೀರನ್ನೂ ಪರೀಕ್ಷೆಗೆ ಕಳಿಸಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸುವವರೂ ಆ ನೀರನ್ನು ಹೀಗೆಯೇ ಪರೀಕ್ಷಿಸಬೇಕು, ಪೊರೆ ಹಳತಾದಂತೆ ಅದರ ಕೆಲಸ ಕುಂದುತ್ತದೆ.

ಶುದ್ಧ ನೀರನ್ನು ಕುಡಿಯುವುದಕ್ಕೆ ಮಾತ್ರ ಮೀಸಲಿಟ್ಟು ಅಡುಗೆಗೆ ಬೋರ್‌ವೆಲ್ ನೀರನ್ನೇ ಬಳಸುವುದು ಎಲ್ಲ ಕಡೆ ನಡೆಯುವ ತಪ್ಪು. ಜೋಳದ ರೊಟ್ಟಿಗೆ ಕಾಯಿಸುವ ಎಸರು, ಅನ್ನದ ನೀರು, ಸಾರು, ಚಹಾ ಎಲ್ಲವೂ ಹೊಟ್ಟೆಗೇ ಹೋಗುವುದರಿಂದ ಅವಕ್ಕೂ ಶುದ್ಧ ನೀರೇ ಬೇಕು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಫ್ಲೋರೈಡ್ ನೀರು ಬಳಸಿದರೆ ತೊಂದರೆಯಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಮಳೆನೀರು. ಅದರಲ್ಲಿ ಕಲ್ಲಿನ ಫ್ಲೋರೈಡ್ ಇಲ್ಲವೇ ಇಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಕಡೆ 100 ಚದರ ಮೀಟರಿನ ಆರ್‌ಸಿಸಿ ಮಾಳಿಗೆಯಿಂದ, ಐದನೆಯ ಒಂದು ಪಾಲು ವ್ಯರ್ಥವಾದರೂ, 48,000 ಲೀಟರ್ ಸಿಗುತ್ತದೆ. ಐದು ಮಂದಿಯ ಮನೆಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ಇಡೀ ವರ್ಷಕ್ಕೆ ಬೇಕಾದದ್ದು ಸುಮಾರು 9,000 ಲೀಟರ್. ಮಳೆಯಿಲ್ಲದ ಆರು ತಿಂಗಳು ದಾಟಲು 5,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಗಳ ನೀರನ್ನು ಹೊರಕ್ಕೆ ಬಿಟ್ಟು, ಮಾಳಿಗೆ ತೊಳೆದುಹೋದ ಮೇಲೆ ಮರಳು-ಜಲ್ಲಿಯ ಸೋಸುಗುಂಡಿಯ ಮೂಲಕ ತೊಟ್ಟಿಗೆ ಹಾಯಿಸಬೇಕು, ಕುಡಿಯುವ ಮುನ್ನ ಕುದಿಸಬೇಕು. ಮಣ್ಣಿನ ಮಾಳಿಗೆಯ ನೀರು ಇದಕ್ಕೆ ಬಾರದು. ಅಂಥ ಮನೆಯವರು ಒಂದು ಪಾಲಿಗೆ ತಗಡಿನ ಚಪ್ಪರ ಹಾಕಿಕೊಳ್ಳಬಹುದು.

ಅದೇ ಕಲ್ಲಿನಿಂದ ಏಳುವ ಅನಿಲ

ಗ್ರಾನೈಟ್ ಕಲ್ಲಿನಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ. ಅದು ಕಾಲಕ್ರಮದಲ್ಲಿ ರೇಡಿಯಂ ಆಗಿ, ರೇಡಿಯಂ ರೇಡಾನ್ ಎಂಬ ವಿಕಿರಣ ಸೂಸುವ ಅನಿಲವಾಗಿ ನೆಲದಿಂದ ಮೇಲೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಯೊಡನೆ ಚೆದುರಿಹೋಗುವ ಈ ಅನಿಲ ಕಿಟಕಿ ಮುಚ್ಚಿದ ನೆಲಮಟ್ಟದ ಕೋಣೆಯಲ್ಲಿ ಒಟ್ಟುಗೂಡುತ್ತದೆ. ನೆಲದೊಳಗೆ ಕಾಳು ತುಂಬಿಡುವ ಹಗೇವಿನ ಬಾಯಿ ತೆರೆದ ಕೂಡಲೇ ಒಳಗಿಳಿಯಬಾರದು ಎಂದು ಹಿರಿಯರು ತಡೆಯುವುದು ಬೇರೆ ಅನಿಲಗಳ ಭಯದಿಂದಲಾದರೂ, ನೆಲದೊಳಗಿನ ಗಾಳಿಗೆ ಹೊರದಾರಿ ಬೇಕೆಂಬ ತಿಳಿವಳಿಕೆ ಇಲ್ಲಿಗೂ ಸಲ್ಲುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಪ್ರಮುಖ ಕಾರಣಗಳಲ್ಲಿ ರೇಡಾನ್ ಒಂದು; ಬೀಡಿ-ಸಿಗರೇಟು ಸೇದುವವರಿಗೆ ಇದರ ಅಪಾಯ ಹಲವು ಪಟ್ಟು. ಮನೆಯ ಗಾಳಿಯಲ್ಲಿ ರೇಡಾನ್ ಪ್ರತಿ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣವನ್ನು ಅಳೆಯುವ ಮಾನ) ಒಳಗಿರಬೇಕು, ಅದು ಆಗದ ಕಡೆ 300 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದೆ.

ಇದನ್ನು ಅಳೆಯಲು ಎಲ್‌ಆರ್-115 ಎಂಬ ಸಣ್ಣ ಫಿಲ್ಮನ್ನು ಕೋಣೆಯಲ್ಲಿ ಸುಮಾರು ಮೂರು ತಿಂಗಳು ತೂಗುಹಾಕಿ, ಅದರ ಮೇಲೆ ಮೂಡಿದ ಗುರುತುಗಳನ್ನು ಪ್ರಯೋಗಾಲಯದಲ್ಲಿ ಎಣಿಸುತ್ತಾರೆ. ಅಳತೆಗೆ ಕಾಯದೆಯೂ ಮಾಡಬಹುದಾದದ್ದು ಬಹಳ ಇದೆ. ನೆಲದ ಬಿರುಕು, ಪೈಪು ಹೊಕ್ಕ ತೂತು, ಗೋಡೆ-ನೆಲ ಕೂಡುವ ಸಂದು ಇವನ್ನು ಸಿಮೆಂಟಿನಿಂದ ಮುಚ್ಚಿ. ಮಲಗುವ ಕೋಣೆಯ ಎದುರುಬದುರು ಕಿಟಕಿಗಳನ್ನು ದಿನವೂ ತೆರೆಯಿರಿ. ಹೊಸ ಮನೆ ಕಟ್ಟುವವರು ನೆಲದ ಕೆಳಗೆ ಜಲ್ಲಿ ಹರವಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜಲ್ಲಿಯಿಂದ ಮಾಳಿಗೆಯ ಮೇಲಿನವರೆಗೆ ನಾಲ್ಕಿಂಚಿನ ಪಿವಿಸಿ ಪೈಪು ಏರಿಸಿದರೆ ಅನಿಲ ಮನೆಯೊಳಗೆ ಬಾರದೆ ಹೊರಗೆ ಹೋಗುತ್ತದೆ. ಅಡುಗೆಕಟ್ಟೆಯ ಗ್ರಾನೈಟಿಗೆ ಅಂಜಬೇಕಿಲ್ಲ, ನೆಲದಿಂದ ಏಳುವುದರ ಮುಂದೆ ಅದರ ಪಾಲು ಸಾಮಾನ್ಯವಾಗಿ ಅಲ್ಪ.

ಬೋರ್‌ವೆಲ್ ನೀರಿನಲ್ಲಿಯೂ ರೇಡಾನ್ ಕರಗಿರುತ್ತದೆ, ಆದರೆ ಅದರ ಪ್ರಮಾಣ ಪ್ರತಿ 3.8 ದಿನಕ್ಕೆ ತಾನಾಗಿ ಅರ್ಧವಾಗುತ್ತದೆ. ನೀರನ್ನು ಮೇಲಿನಿಂದ ಧಾರೆಯಾಗಿ ತೊಟ್ಟಿಗೆ ಬೀಳಿಸಿ, ತೊಟ್ಟಿಗೆ ಗಾಳಿಕೊಳವೆ ಇಟ್ಟು, ಒಂದೆರಡು ದಿನ ನಿಲ್ಲಿಸಿ ಬಳಸಿದರೆ ಬಹುಪಾಲು ಹೊರಗೇ ಹೋಗುತ್ತದೆ.

ಒಲೆ ಮತ್ತು ಕೆಂಡ

ಗಾಳಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ರೇಡಾನಿಗಿಂತ ಮೊದಲು ಸರಿಪಡಿಸಬೇಕಾದದ್ದು ಹೊಗೆ. ಹಳೆಯ ಮನೆಗಳ ಒಲೆಯ ಮೇಲೆ ಬೆಳಕಿಂಡಿ ಇರುತ್ತಿತ್ತು. ಮನೆ ಆರ್‌ಸಿಸಿ ಆದಾಗ ಬೆಳಕಿಂಡಿ ಹೋಯಿತು, ಸ್ನಾನದ ನೀರಿಗೆ ಕಟ್ಟಿಗೆ ಉರಿಸುವ ಹಂಡೆ ಮಾತ್ರ ಉಳಿಯಿತು. ಅಂಥ ಒಲೆಯ ಮೇಲೆ ಹೊಗೆಕೊಳವೆ ಕಡ್ಡಾಯವಾಗಿ ಬೇಕು. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲೇಬಾರದು.

ಬಾಣಂತಿ ಕೋಣೆಯ ಬಗ್ಗೆ ಕೈಮುಗಿದು ಹೇಳುತ್ತೇನೆ. ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ಇನ್ನೂ ನಡೆಯುತ್ತಿದೆ. ಹೊಗೆ ಕಾಣದ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ, ತಲೆಭಾರ, ವಾಕರಿಕೆ, ಮಂಪರು ತಂದು ನಿದ್ದೆಯಲ್ಲಿಯೇ ತಾಯಿ-ಕೂಸಿನ ಜೀವ ತೆಗೆಯಬಲ್ಲುದು. ಕಾಯಿಸುವುದೇ ಬೇಕಾದರೆ ಬಿಸಿನೀರಿನ ಚೀಲ ಬಳಸಿ, ಕೆಂಡವನ್ನು ಹೊರಗೇ ಇಡಿ.

ಪರೀಕ್ಷೆ ಒಮ್ಮೆ ಮಾಡಿಸಿ ಮರೆಯುವಂಥದ್ದಲ್ಲ. ರಾಸಾಯನಿಕ ಪರೀಕ್ಷೆಗೆ ಮೇ ತಿಂಗಳು ಸೂಕ್ತ, ಆಗ ಅಂತರ್ಜಲ ಇಳಿದು ಫ್ಲೋರೈಡ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ರೋಗಾಣು ಪರೀಕ್ಷೆಗೆ ಮುಂಗಾರು ಹಿಡಿದ ಮೇಲಿನ ವಾರಗಳು ಸೂಕ್ತ, ಆಗ ಕೊಳಚೆ ಇಂಗಿ ಬಾವಿಗೆ ಇಳಿಯುತ್ತದೆ. ಅತ್ತೆಯ ಮನೆಯಲ್ಲಿ ಈಗ ಮೋಟಾರಿನ ಸ್ಟಾರ್ಟರ್ ಡಬ್ಬದ ಮೇಲೆ ಬಿಳಿ ಬಣ್ಣದಲ್ಲಿ ಎರಡು ಸಾಲು ಬರೆದಿದೆ: ಪರೀಕ್ಷೆ ಮಾಡಿಸಿದ ತಿಂಗಳು, ಕೆಳಗೆ ‘ಬಳಸಲು ಮಾತ್ರ, ಕುಡಿಯಲು ಅಲ್ಲ’. ಕೊಡ ಹಿಡಿದು ಬಂದವರು ಅದನ್ನು ಓದಿ, ಮಳೆನೀರಿನ ತೊಟ್ಟಿಯ ನಲ್ಲಿಯ ಕಡೆಗೆ ಹೋಗುತ್ತಾರೆ.